ನಾಲ್ಕನೆಯವನಾಗಿ ಬಂದ ಕಲ್ಲು

ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಾದರೂ ಬಿಟ್ಟಿರಲಿಲ್ಲ. ಮುಂಬಯಿಯ ಆಂಟಾಪ್ ಹಿಲ್ಲಿನ ನಮ್ಮ ಎರಡು ಖೋಲಿಯ ಮನೆಯಲ್ಲಿ ನಾನು ಒಲೆಯ ಕಡೆ ಕೂತು ಬತ್ತಿ ಹೊಸೆಯುತ್ತಿದ್ದೆ. ನೆಲದ ತುಂಬ ಮಗಳು ಶೀತಲ್‌ಳ ಸಾಮಾನು: ಬಾಡಿಗೆಗೆ ತಂದ ಟೆಂಟು, ಟಾರ್ಚು, ರೇನ್‌ಕೋಟು, ಜಿಗಣೆಗೆಂದು ಉಪ್ಪಿನ ಪೊಟ್ಟಣ. ಬೆಳಿಗ್ಗೆ ಮೊದಲ ಲೋಕಲ್ ಹಿಡಿದು ಕರ್ಜತ್ ಆಚೆಯ ಕಾಡಿಗೆ ಹೋಗಿ ಒಂದು ರಾತ್ರಿ ತಂಗಿ ಬರುವುದೆಂದು ನಿಶ್ಚಯವಾಗಿತ್ತು. ಕಾಡು ಹತ್ತಿ ಗೊತ್ತಿದ್ದವರು ಒಬ್ಬರೂ ಇಲ್ಲ. ಆರು ಜನ ಒಪ್ಪಿದ್ದರು, ಮಳೆ ನೋಡಿ ಮೂವರು ಹಿಂದೆ ಸರಿದರು. ಉಳಿದವರು ಶೀತಲ್, ಮೇಲಿನ ಮಾಳಿಗೆಯ ಈಶ್ವರ, ಶೀತಲ್‌ಳ ಆಫೀಸಿನ ಲಾವಣ್ಯಾ.

ಈಶ್ವರ ಮೊಬೈಲ್ ನೋಡಿ ಓದುತ್ತಿದ್ದ. "ರೂಟ್ ಏಕ್‌ದಮ್ ಈಜಿ, ಬಿಗಿನರ್ಸ್‌ದು. ತಿರುವು ಬಂದಾಗೆಲ್ಲಾ ನಂಬರ್ ಹೇಳೂದು. ನಾ ಒಂದು, ಲಾವಣ್ಯಾ ಎರಡು, ಶೀತಲ್ ಲಾಸ್ಟ್, ಮೂರು."

ಕುರ್ಚಿಯಲ್ಲಿದ್ದ ನಮ್ಮ ಮಾವ ಅಣವೀರಪ್ಪನವರು ತಲೆಯೆತ್ತಿದರು. ಮೊಣಕಾಲು ಹೋಗಿ ಎರಡು ವರ್ಷವಾಯಿತು. ನಾವು ಎತ್ತಿ ಕೂರಿಸಿದರೆ ಕೂತರು, ಇಲ್ಲವಾದರೆ ಇಲ್ಲ.

"ಮೂರ ಮಂದಿ ಏನು?"

"ಹೌದಜ್ಜಾ. ಟೆನ್ಷನ್ ಮತ್ ಲೋ," ಎಂದ ಈಶ್ವರ.

"ಹೋಗಬ್ಯಾಡ್ರವ್ವಾ."

ಶೀತಲ್ ಸಾಮಾನನ್ನು ಚೀಲಕ್ಕೆ ತುಂಬುತ್ತಾ ನಕ್ಕಳು. ಮಾವ ಎರಡೂ ಕೈ ಜೋಡಿಸಿದರು. ಮೊಮ್ಮಗಳಿಗೆ! ನನ್ನ ಕೈಯ ಬತ್ತಿ ಅಲ್ಲೇ ನಿಂತಿತು.

"ಹಂಗಾರ ಕುಂದರ್ರಿ. ಇದನ್ನ ಕೇಳ್ರಿ, ಆಮ್ಯಾಲ ಹೋಗ್ರಿ... ನಾ ವಿಕ್ರೋಳಿ ಕಾರ್ಖಾನ್ಯಾಗ ಇದ್ದಾಗಿನ ಮಾತು. ನಾನು, ಶಶಿಕಾಂತ, ಮುರಿಗೆಪ್ಪ... ಮೂರೂ ಮಂದೀದು ಒಂದ ಖೋಲಿ, ಒಂದ ಒಲಿ. ನಿಮ್ಹಂಗ ನಮಗೂ ಹುರುಪು, ಕಾಡ ನೋಡೂದು, ಅಲ್ಲೇ ಬುತ್ತಿ ಬಿಚ್ಚೂದು, ಅಲ್ಲೇ ಮಲಗೂದು ಅಂತ. ಮೂರು ಮಂದಿ ಕೂಡಿ ಹೊರಡಬಾರದಂತ ನಮ್ಮ ಕಡೆ ಐತಲ್ಲ, ಹೊರಡೂದ ಆದ್ರ ಮನಿ ಮುಂದಿನ ಒಂದು ಕಲ್ಲ ಚೀಲದಾಗ ಇಟಗೊಂಡು ನಾಕು ಅಂತ ಮಾಡ್ಕೋಬೇಕು... ಲೋಕಲ್ ತಪ್ಪತೈತಂತ ಓಡೂದ್ರಾಗ ಅದನ್ನ ಮರತ್ವಿ. ನೆನಪಾಗಿದ್ದು ಕಾಡಿನ ಬಾಯಾಗ. ಅಲ್ಲೊಂದು ಮರದ ಬುಡಕ ಕಲ್ಲಿನ ಗುಂಪಿ ಇತ್ತು. ಯಾರು ಹಾಕಿದ್ದು, ಯಾಕ ಹಾಕಿದ್ದು, ಯಾರನ್ನರ ಕೇಳಿದ್ನೇನು? ಇಲ್ಲ. ಒಂದ ತಗದು ಮುರಿಗೆಪ್ಪನ ಚೀಲದಾಗ ಇಟ್ಟು, 'ತಗೋಪಾ, ನಾಕನೇದಂವ ಬಂದ' ಅಂದೆ. ಅವನ ಹೇಣ್ತಿ ಮಹಾದೇವಿ ಆಗ ಬಸರಿ. 'ನಾಕನೇದಂವ ಊರಾಗ ಹುಟ್ಟಾಂವ ಅದಾನ, ಇಂವ ಐದನೇದಂವ' ಅಂತ ನಕ್ಕ..."

ಮಾವ ಕುರ್ಚಿಯ ಕೈ ಹಿಡಿದು ಕಿಟಕಿಯ ಕಡೆ ತಿರುಗಿದರು.

"ರಾತ್ರಿ ಏನೂ ಆಗಲಿಲ್ಲ. ಮುಂಜಾನೆದ್ದು ಇಳೀಬೇಕಾದ್ರ ಮಳಿ, ಮಂಜು... ನನ್ನ ಕೈ ನನಗ ಕಾಣವಲ್ದು. ನಾ ಮುಂದ, ಶಶಿಕಾಂತ ನಡುವ, ಮುರಿಗೆಪ್ಪ ಕಡೀಕ. ತಿರುವಿಗೊಮ್ಮೆ ಎಣಿಸ್ಕೋತ ಇಳದ್ವಿ. ನಾ ಒಂದು ಅಂತೀನಿ, ಶಶಿಕಾಂತ ಎರಡು ಅಂತಾನ, ಹಿಂದಿಂದ ಮೂರು ಅಂತ ಕೇಳತೈತಿ... ಅದರ ಬೆನ್ನಿಗೇ ನಾಕು ಅಂತ ಕೇಳತೈತಿ. ಮುರಿಗೆಪ್ಪನ ಚಾಷ್ಟಿ ಅಂತ ನಾವು ನಕ್ವಿ. ನಗದ ಏನ ಮಾಡೂದು? ಅಂವ ಇದ್ದದ್ದ ಹಂಗ. ಕಡೇ ತಿರುವಿನ್ಯಾಗೂ ಮೂರು ಅಂತು, ನಾಕು ಅಂತು. ಬಯಲಿಗೆ ಬಂದು ಹೊಳ್ಳಿ ನೋಡಿದ್ರ..."

ಕಿಟಕಿಯ ತಗಡಿನ ಮೇಲೆ ಮಳೆ ಬಡಿಯುತ್ತಿತ್ತು.

"...ಹಾದಿ ನಡುವ ಚೀಲ ಒಂದ ಕೂತಿತ್ತು. ಅಂಥಾ ಮಳ್ಯಾಗ ಒಣಾ ಇತ್ತು. ಒಳಗ ಕಲ್ಲು.

"ಎಂಟ ದಿನ ಹುಡುಕಿದ್ವಿ. ಒದರಿ ಒದರಿ ಗಂಟಲದಾಗ ರಕ್ತ ಬಂತು. 'ಮುರಿಗ್ಯಾ' ಅಂದ್ರ ಮ್ಯಾಲಿಂದ 'ಮೂರು' ಅಂತ ಕೇಳತಿತ್ತು. ಮ್ಯಾಲ ಹೋದ್ರ ಕೆಳಗಿಂದ. ಕಲ್ಲ ಹೊಳ್ಳಿ ಇಟ್ಟು, ಅವನ್ನ ಕೊಡ್ರಿ ಅಂತ ಬೇಡಿಕೊಳ್ಳೂಣಂತ ಆ ಗುಂಪಿಗೆ ಹೋದೆ. ಅಲ್ಲಿ ದನ ಕಾಯೂ ಮುದುಕ ನನ್ನ ಕೈ ಹಿಡದ. 'ಈ ಕಾಡಿನ್ಯಾಗ ಸತ್ತವ್ರಿಗೆ ಒಬ್ಬೊಬ್ಬರಿಗೆ ಒಂದೊಂದ ಕಲ್ಲು. ನೀ ಒಬ್ಬನ್ನ ಮನಷ್ಯಾ ಅಂತ ಎಣಿಸಿ ಎಬ್ಬಿಸಿದಿ, ಅವನ ಜಾಗಾಕ್ಕ ನಿಮ್ಮಂವ ಬಂದು ಕೂತಾನ. ಇದಕ್ಕ ಇಲ್ಲಿ ಜಾಗಾ ಇಲ್ಲ, ಇದು ಇನ್ನ ನಿನ್ನ ಮಂದಿ' ಅಂದ. ಮಹಾದೇವಿಗೆ ಏನ ಹೇಳಲಿ? ಹುಟ್ಟಿದ ಕೂಸಿನ ಮಾರಿ ನೋಡೂ ಧೈರ್ಯ ಇವತ್ತಿಗೂ ಆಗಿಲ್ಲ ನನಗ... ಕಲ್ಲ ಮನಿಗೆ ತಂದೆ. ದೇವರ ಬಾಜೂಕ ಇಟ್ರ ಅಲ್ಲೇ ಕುಂದರತೈತಂತ."

ನಮ್ಮ ದೇವರ ಗೂಡಿನಲ್ಲಿ ಲಿಂಗದ ಪಕ್ಕ ಒಂದು ಮುಷ್ಟಿಗಾತ್ರದ ಕರಿಕಲ್ಲಿದೆ. ಮನೆತನದ ದೇವರೆಂದು, ಮದುವೆಯಾಗಿ ಬಂದಂದಿನಿಂದ ದಿನವೂ ತೊಳೆದು ವಿಭೂತಿ ಹಚ್ಚಿದ್ದೇನೆ. ಈ ಬೆಳಿಗ್ಗೆಯೂ ಹಚ್ಚಿದ್ದೆ. ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಮಾವನವರ ಕಣ್ಣೀರು ಕಂಡು ಈಶ್ವರ ನಗಿಸಲು ನೋಡಿದ. "ಅಜ್ಜಾ, ಇಲ್ಲಿ ಕೇಳು. ಒಂದು!"

"ಎರಡು," ಎಂದಳು ಲಾವಣ್ಯಾ.

"ಬ್ಯಾಡ ಶೀತಲ್, ನಿನ್ನ ಕಾಲಿಗೆ ಬೀಳ್ತೀನಿ..." ಎಂದರು ಮಾವ.

"ಮೂರು," ಎಂದಳು ಅವಳು.

ಮಳೆಯ ಸದ್ದು ಬಿಟ್ಟರೆ ಏನೂ ಇಲ್ಲ. "ದೇಖಾ?" ಎಂದು ಈಶ್ವರ ನಕ್ಕ.

ಮಾವ ನಗಲಿಲ್ಲ. "ನಿನ್ನ ಚೀಲ ಎತ್ತವ್ವಾ," ಅಂದರು.

ಶೀತಲ್ ಒಂದು ಕೈಯಲ್ಲಿ ಎತ್ತಿದಳು, ಬರಲಿಲ್ಲ. ಎರಡು ಕೈ ಹಾಕಿದಳು. ಆಮೇಲೆ ಒಂದೊಂದೇ ತೆಗೆದಿಟ್ಟಳು: ರೇನ್‌ಕೋಟು, ಟಾರ್ಚು, ಉಪ್ಪು. ತಳದಲ್ಲಿ ನಾನು ಹಚ್ಚಿದ ವಿಭೂತಿ ಹಾಗೇ ಇತ್ತು, ಆ ಕಲ್ಲಿನ ಮೇಲೆ.

"ಯಾರಿಟ್ರು ಇದನ್ನ? ಅಜ್ಜಾ, ನೀನಾ?"

"ನನ್ನ ಕಾಲ ನೋಡವ್ವಾ..." ಮಾವ ತಮ್ಮ ಮೊಣಕಾಲು ಮುಟ್ಟಿ ತೋರಿಸಿದರು. "ನಲವತ್ತು ವರ್ಷ ಆ ಗೂಡ ಬಿಟ್ಟು ಎದ್ದಿದ್ದಿಲ್ಲ ಅದು. ಇವತ್ತ ಯಾಕ ಎದ್ದೈತಿ, ಗೊತ್ತಾತೇನು? ಮೂರ ಮಂದಿ ಹೊಂಟಾರಂತ ಕೇಳೈತಿ... ಕಡೀಕ ಬರವ್ರು ಯಾರು ಅಂತನೂ ಕೇಳೈತಿ."