ಗುಂಡಿನ ಕೋಣೆಗೊಂದು ದಾರಿ

ಸ್ವಲ್ಪ ಹತ್ತಿರ ಬನ್ನಿ, ಇದು ಗಟ್ಟಿಯಾಗಿ ಹೇಳುವ ಮಾತಲ್ಲ. ಎಲ್ಲೋ ಕೇಳಿ ಬಂದ ಸುದ್ದಿಯೂ ಅಲ್ಲ. ನಮ್ಮ ವಠಾರದಲ್ಲೇ, ಮೇಲಿನ ಮನೆಯಲ್ಲಿದ್ದ ಡೂಗಲ್ ರ‍್ಯಾಂಕಿನ್‌ಗೆ ಆದದ್ದು.

ಎರಡನೇ ಮಹಾಯುದ್ಧದ ಒಂದು ಚಳಿಗಾಲ. ಬಾಂಬು ಹಾಕುವ ವಿಮಾನಗಳ ಭಯಕ್ಕೆ ಕ್ಲೈಡ್ ನದಿಯ ದಡದಲ್ಲಿ ಒಂದು ಕಿಟಕಿಯಲ್ಲೂ ಬೆಳಕಿರಲಿಲ್ಲ. ಡೂಗಲ್ ಹಡಗು ಕಟ್ಟುವ ಕಟ್ಟೆಯಲ್ಲಿ ಹೆಚ್ಚುವರಿ ಪಾಳಿ ಮುಗಿಸಿ, ಗೋಡೆ ಸವರಿಕೊಂಡು ಮನೆಗೆ ಬರುತ್ತಿದ್ದ. ಇಗರ್ಜಿಯ ಹಿಂದೆ ಒಂದು ಪಾಳುಬಾವಿ. ಯಾರೂ ಬೀಳದಿರಲೆಂದು ಅದಕ್ಕೆ ಕಬ್ಬಿಣದ ಮುಚ್ಚಳ ಜಡಿದಿದ್ದರು. ಅದರ ಪಕ್ಕಕ್ಕೆ ಬಂದಾಗ...

ಠಣ್.

ಡೂಗಲ್ ನಿಂತ.

ಠಣ್... ಠಣ್.

ಮುಚ್ಚಳದ ಮೇಲೆ ಕಲ್ಲು ಬಿದ್ದರೆ ಸದ್ದು ಒಡೆದು ಹರಡುತ್ತದೆ. ಇದು ದಪ್ಪ ಸದ್ದು. ಒಳಗಿನಿಂದ, ಕೆಳಗಿನಿಂದ, ಯಾರೋ ಕಬ್ಬಿಣದ ತುಂಡು ಹಿಡಿದು ಬಡಿದ ಹಾಗೆ. ಹಡಗುಕಟ್ಟೆಯಲ್ಲೇ ತಲೆ ನೆರೆತವನಿಗೆ ಆ ವ್ಯತ್ಯಾಸ ತಿಳಿಯದೆ ಇರುತ್ತದೆಯೇ?

"ಯಾರಪ್ಪಾ ಅದು?" ಎಂದ ಪಿಸುಮಾತಿನಲ್ಲಿ.

ಬಡಿತ ನಿಂತಿತು. ನೀರು ತುಳುಕಿದ ಹಾಗಾಯಿತು... ಆಮೇಲೆ ಅದೂ ಇಲ್ಲ. ಡೂಗಲ್ ಮನೆಗೆ ಬಂದ. ಹೆಂಡತಿ ಇಶ್ಬೆಲ್‌ಗೆ ಏನೂ ಹೇಳಲಿಲ್ಲ. ಒಬ್ಬನೇ ಮಗ ಲಾಕ್ಲನ್ ಯುದ್ಧದ ಹಡಗಿನಲ್ಲಿದ್ದ. ಬಾಗಿಲು ಅಲ್ಲಾಡಿದರೂ ಅವಳು ಬೆಚ್ಚುತ್ತಿದ್ದ ಕಾಲ ಅದು.

ಡೂಗಲ್‌ನ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಲೆಗೆ ಹತ್ತುವುದಿಲ್ಲ. ಹಡಗನ್ನು ಮೊದಲು ಕಾಗದದ ಮೇಲೆ ಚಿಕ್ಕದಾಗಿ ಬರೆಯುತ್ತಾರೆ. ಆ ಚಿಕ್ಕದನ್ನು ನಕಾಶೆ ಅಟ್ಟದಲ್ಲಿ, ಕಪ್ಪು ಬಳಿದ ಹಲಗೆ ನೆಲದ ಮೇಲೆ, ನಿಜವಾದ ಅಳತೆಯಲ್ಲೇ ಬರೆಯಬೇಕು. ಸೀಮೆಸುಣ್ಣದ ಗೀಟು ಅಳಿಸಿಹೋಗುತ್ತದೆ. ಅದಕ್ಕೇ ತುದಿ ಬಾಗಿದ ಚಾಕುವಿನಿಂದ ಹಲಗೆಯಲ್ಲೇ ಕೊರೆಯುತ್ತಾರೆ. ಬೂಟಿನ ಮೊಳೆ ನೆಲ ಕೆಡಿಸೀತೆಂದು ಎಲ್ಲರೂ ಬರೀ ಕಾಲುಚೀಲದಲ್ಲಿ ಓಡಾಡುತ್ತಾರೆ. ಆ ಗೀಟಿನಂತೆ ಮಾದರಿ ಹಲಗೆ, ಮಾದರಿಯಂತೆ ಉಕ್ಕು. ಉಕ್ಕು ಕತ್ತರಿಸುವವರು ಕಾಗದ ಕೇಳುವುದಿಲ್ಲ; ನೆಲ ಏನು ಹೇಳುತ್ತದೋ ಅದೇ.

ಲಾಕ್ಲನ್ ಕೂಡ ನೌಕಾಪಡೆಗೆ ಸೇರುವ ಮುಂಚೆ ಅದೇ ಅಟ್ಟದಲ್ಲಿ ಅಪ್ಪನ ಪಕ್ಕ ಕೊರೆದವನು. ಎಡಚ. ಹಿಂದಿನ ಬೇಸಿಗೆಯಲ್ಲಿ ರಜೆಗೆ ಬಂದಿದ್ದ.

"ಅಪ್ಪಾ, ನನ್ನ ಜಾಗ ಎಲ್ಲಿ ಗೊತ್ತಾ? ಮುಂದಿನ ತೋಪಿನ ಕೆಳಗೆ, ಗುಂಡಿನ ಕೋಣೆ. ನೀನೇ ಗೀಟು ಹಾಕಿದ್ದು."

"ಇಕ್ಕಟ್ಟು, ಅಲ್ವೇನೋ?"

"ಇಕ್ಕಟ್ಟಿಗೇನು, ಅಮ್ಮನ ಅಡುಗೆಮನೇಲಿ ಬೆಳೆದೋನು ನಾನು. ಕಾಳಗ ಶುರುವಾದ್ರೆ ಮೇಲಿನ ಮುಚ್ಚಳ ಹಾಕ್ತಾರೆ, ಬೆಂಕಿ ನೀರು ಹರಡಬಾರ್ದು ಅಂತ. ಚಿಲಕ ಇರೋದು ಮೇಲ್ಗಡೆ. ಚಿಲಕ ತೆಗೆಯೋನೇ ಸತ್ರೆ?"

ಲಾಕ್ಲನ್ ಅಪ್ಪನ ಹತ್ತಿರ ಸರಿದ.

"ಪಕ್ಕದ ಗೋಡೇಲಿ ಒಂದು ಕಿಂಡಿ ಇಡ್ಸು. ಒಂದಾಳು ತೂರೋ ಅಷ್ಟು. ನನ್ನ ಹಡಗಿಗಂತೂ ಆಗ್ಲಿಲ್ಲ, ಮುಂದಿನದಕ್ಕಾದ್ರೂ."

ಮುಂದಿನ ಹಡಗು ಅದೇ ನಮೂನೆಯದು. ಅಟ್ಟದಲ್ಲಿ ಅದರ ಗೀಟು ನಡೆಯುತ್ತಿತ್ತು. ಡೂಗಲ್ ಅಟ್ಟದ ಮೇಸ್ತ್ರಿ ಟಲ್ಲಕ್‌ನ ಮುಂದೆ ನಿಂತ. ಟಲ್ಲಕ್ ಕೆಟ್ಟವನಲ್ಲ. ಆದರೂ "ತೂತು ಮಾಡಿದಷ್ಟೂ ನೀರಿಗೆ ದಾರಿ. ನೌಕಾಪಡೆಯೋರು ಒಪ್ಪಿದ ನಕಾಶೆ. ತಿದ್ದೋಕೆ ನೀನ್ಯಾರು, ನಾನ್ಯಾರು?" ಎಂದುಬಿಟ್ಟ.

ಈಗ ಬಾವಿಯ ರಾತ್ರಿಯ ಮರುದಿನಕ್ಕೆ ಬನ್ನಿ. ಬೆಳಿಗ್ಗೆ ಅಟ್ಟದ ಬೀಗ ತೆಗೆದರೆ, ನೆಲದ ಮೇಲೆ, ಗುಂಡಿನ ಕೋಣೆಯ ಗೋಡೆ ಬರೆದಿದ್ದ ಕಡೆ, ಮೊಟ್ಟೆಯಾಕಾರದ ಹೊಸ ಗೀಟು. ಒಂದಾಳು ತೂರುವಷ್ಟು. ಆಳವಾಗಿ ಕೊರೆದದ್ದು, ಆದರೆ ಪೂರ್ತಿಯಲ್ಲ. ಕೆಳತುದಿಯಲ್ಲಿ ಒಂದು ಗೇಣು ಕೂಡಿರಲಿಲ್ಲ.

"ಜೈಲಿಗೆ ಹೋಗ್ಬೇಕು ಅಂತಿದೀಯಾ?" ಟಲ್ಲಕ್‌ನ ಮುಖ ಸುಣ್ಣವಾಗಿತ್ತು. "ಯುದ್ಧದ ಹಡಗಿನ ಗೀಟು ಕೆಡಿಸೋದು ದ್ರೋಹ ಕಣಯ್ಯಾ!"

"ನಾನಲ್ಲ ಮೇಸ್ತ್ರಿ. ಆಣೆಗೂ ನಾನಲ್ಲ."

"ಮತ್ತೆ ನಿಮ್ಮಜ್ಜಿ ಎದ್ದು ಬಂದಿದ್ಲಾ? ಕಿಂಡಿ ಕಿಂಡಿ ಅಂತ ಬಾಯಿ ಬಡ್ಕೊಂಡೋನು ನೀನೊಬ್ಬನೇ. ಮೇಣ ತುಂಬು, ಕಪ್ಪು ಬಳಿ."

ಡೂಗಲ್ ತುಂಬಿದ, ಬಳಿದ. ಮರುದಿನ ಬೆಳಿಗ್ಗೆ ಗೀಟು ಮತ್ತೆ ಬಾಯಿ ತೆರೆದಿತ್ತು. ಅದೇ ಜಾಗ. ಅದೇ ಒಂದು ಗೇಣು ಬಾಕಿ.

"ಇನ್ನೊಂದ್ಸಲ ಕಂಡ್ರೆ ಪೊಲೀಸ್ರೇ ಮಾತಾಡ್ತಾರೆ" ಎಂದ ಟಲ್ಲಕ್.

ಆ ರಾತ್ರಿ ಅಟ್ಟದಲ್ಲಿ ಬಾಂಬಿನ ಬೆಂಕಿಗೆ ಕಾವಲಿರುವ ಸರದಿ ಡೂಗಲ್‌ನದು. ಜೊತೆಗೆ, ಕೆಳಗಿನ ಬಡಗಿ ಕಾರ್ಖಾನೆಯ ವ್ಯಾಟಿ ಸೆಂಪಲ್. ವ್ಯಾಟಿಗೆ ತಮಾಷೆ ಮಾಡದಿದ್ದರೆ ತಿಂದದ್ದು ಕರಗುವುದಿಲ್ಲ.

"ಡೂಗಲಣ್ಣ, ಹಿಟ್ಲರ್ ಬಾಂಬು ಹಾಕಿದ್ರೆ ಒಂದು ಚೀಲ ಮರಳು ಸುರೀಬೇಕಂತೆ. ಅವನ ಮೇಲಾ, ಬಾಂಬಿನ ಮೇಲಾ, ಅದು ಹೇಳ್ಲಿಲ್ಲ."

"ಶ್..."

ಸರ... ಸರ... ಸರ...

ಹಲಗೆಯ ಮೇಲೆ ಕಾಲುಚೀಲ ಎಳೆಯುವ ಸದ್ದು. ಒದ್ದೆ ಕಾಲುಚೀಲ. ಒಣಗಿದ್ದು ಅಷ್ಟು ಭಾರವಾಗಿ ಎಳೆಯುವುದಿಲ್ಲ. ಆಮೇಲೆ ಮೊಣಕಾಲೂರಿದ ಸದ್ದು. ಆಮೇಲೆ...

ಕರ್ರ್... ಕರ್ರ್...

ಚಾಕು ಮರ ಸೀಳುವ ಸದ್ದು. ವ್ಯಾಟಿ ಡೂಗಲ್‌ನ ತೋಳು ಹಿಡಿದ. ಬಟ್ಟೆ ಸುತ್ತಿದ ಬ್ಯಾಟರಿ ದೀಪ ಹಾಕಿದರು. ಯಾರೂ ಇಲ್ಲ. ನೆಲದ ಕಪ್ಪು ಬಣ್ಣ ತಾನಾಗಿ ಬಿರಿಯುತ್ತಿತ್ತು. ಬಿಳಿ ಹೊಟ್ಟು ಸುರುಳಿಯಾಗಿ ಎದ್ದು ಮಗ್ಗುಲಿಗೆ ಬೀಳುತ್ತಿತ್ತು... ಎಡ ಮಗ್ಗುಲಿಗೆ.

ಬಲಗೈಯವನು ಕೊರೆದರೆ ಹೊಟ್ಟು ಬಲಕ್ಕೆ ಬೀಳುತ್ತದೆ. ಆ ಅಟ್ಟದಲ್ಲಿ ಹೊಟ್ಟು ಎಡಕ್ಕೆ ಬೀಳಿಸುತ್ತಿದ್ದವನು ಒಬ್ಬನೇ.

ಮನೆಗೆ ತಂತಿ ಬಂದಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಆದರೂ ಡೂಗಲ್‌ಗೆ ಆ ಗಳಿಗೆಯಲ್ಲಿ ಎಲ್ಲ ತಿಳಿದುಹೋಯಿತು.

"ಲಾಕ್ಲನ್..."

ಚಾಕು ನಿಂತಿತು. ಹಲಗೆಯ ಅಡಿಯಿಂದ, ತೀರ ಹತ್ತಿರದಿಂದ, ಉಸಿರಿನಷ್ಟೇ ಸಣ್ಣ ದನಿ.

"ಅಪ್ಪಾ... ಕೈ ಎಟುಕ್ತಿಲ್ಲ."

"ನೀರು ಎಲ್ಲೀವರೆಗೆ ಬಂತು ಮಗಾ?"

"...ಗದ್ದಕ್ಕೆ."

"ಡೂಗಲಣ್ಣ, ಬೇಡ." ವ್ಯಾಟಿ ಅವನ ಭುಜ ಹಿಡಿದೆಳೆದ. "ಚಾಕು ಮುಟ್ಬೇಡ. ನೀನೇ ಮಾಡ್ದೆ ಅಂತ ಒಳಗೆ ಹಾಕ್ತಾರೆ. ಇಶ್ಬೆಲಕ್ಕನ ಗತಿ ಏನು?"

ಡೂಗಲ್ ಆಗಲೇ ಹೊಟ್ಟೆಯ ಮೇಲೆ ಮಲಗಿ ಚಾಕು ಊರಿದ್ದ. "ಬಂದೆ ಕಂದಾ, ಬಂದೆ... ಉಸಿರು ಹಿಡ್ಕೋ..." ಚಾಕು ಜಾರಿತು. ಮತ್ತೆ ಊರಿದ. ಅಡಿಯಿಂದ ಬಡಿತ ಶುರುವಾಯಿತು. ಠಣ್ ಠಣ್ ಠಣ್... ಆಮೇಲೆ ಠಣ್... ಠಣ್... ಬಡಿತದ ನಡುವಿನ ಬಿಡುವು ದೊಡ್ಡದಾಗುತ್ತಾ ಹೋಯಿತು. ಡೂಗಲ್ ಅಳುತ್ತಾ, ಬೈಯುತ್ತಾ, ತನ್ನ ದೇವರನ್ನೂ ನೌಕಾಪಡೆಯನ್ನೂ ಒಟ್ಟಿಗೆ ಶಪಿಸುತ್ತಾ ಕೊರೆದ. ಗೀಟಿಗೆ ಗೀಟು ಕೂಡಿತು.

ಧಡ್!

ಉಕ್ಕಿನ ಗೋಡೆ ಬಾಯಿಬಿಟ್ಟ ಸದ್ದು. ಭೋರೆಂದು ನೀರು. ಮುಖಕ್ಕೆ ಹಿಮದಂಥ ಗಾಳಿ ಬಡಿಯಿತು. ಆಮೇಲೆ ಕಾಲುಗಳು... ಒದ್ದೆ ಕಾಲುಗಳು, ಒಬ್ಬನವಲ್ಲ. ಇಬ್ಬರನ್ನೂ ಸವರಿಕೊಂಡು, ಎಡಕ್ಕೂ ಬಲಕ್ಕೂ, ಕೆಮ್ಮುತ್ತಾ, ಏದುಸಿರು ಬಿಡುತ್ತಾ ಮೆಟ್ಟಿಲ ಕಡೆಗೆ ಹೋದವು.

"ಲಾಕ್ಲನ್! ನೀನೂ ಬಂದ್ಯಾ? ಹೇಳೋ, ನೀನೂ ಬಂದ್ಯಾ?"

ಕೊನೆಯ ಕಾಲಿನ ಸದ್ದು ಮೆಟ್ಟಿಲಿಳಿದು ಹೋಯಿತು.

ಬೆಳಿಗ್ಗೆ ಟಲ್ಲಕ್ ಬಂದು ನೆಲ ನೋಡಿದ. ಮೊಣಕಾಲೂರಿ ಗೀಟಿನ ಉದ್ದಕ್ಕೂ ಬೆರಳಾಡಿಸಿದ. ಸುತ್ತಲೂ ಎಡಗೈಯ ಕೊರೆತ, ಕೊನೆಯ ಒಂದು ಗೇಣು ಬಲಗೈಯದು. ಅಪ್ಪ ಮಗ ಇಬ್ಬರ ಕೈಯೂ ಅವನಿಗೆ ಗೊತ್ತು. ಲಾಕ್ಲನ್‌ಗೆ ಚಾಕು ಹಿಡಿಯಲು ಕಲಿಸಿದವನೇ ಅವನು. ಎದ್ದವನು ಟೋಪಿ ತೆಗೆದು, "ಮೇಣ ಬೇಡ. ಇದ್ದ ಹಾಗೇ ಮಾದರಿ ಮಾಡಿ" ಎಂದ. ಕಾಗದದಲ್ಲಿ ಇಲ್ಲದ ಕಿಂಡಿ ಹಾಗೆ ಉಕ್ಕಿಗೆ ಇಳಿಯಿತು.

ತಂತಿ ಆಮೇಲೆ ಬಂತು. ಟಾರ್ಪಿಡೋ ಬಡಿದು ಹಡಗು ಮುಳುಗಿತ್ತು. ಲಾಕ್ಲನ್ ಕಾಣೆ, ಅಷ್ಟೇ ಇತ್ತು ಅದರಲ್ಲಿ. ಡೂಗಲ್ ಸಾಯುವವರೆಗೂ ವ್ಯಾಟಿಯನ್ನು ಹಿಡಿದು ಕೂರಿಸಿ ಒಂದೇ ಮಾತು ಕೇಳುತ್ತಿದ್ದ: "ಕೊನೇಗೆ ಹೋದ ಕಾಲು ನೆನಪಿದ್ಯಾ? ಅವನದೇ ಅನ್ನಿಸ್ತಾ ನಿಂಗೆ?" ತಮಾಷೆಯ ವ್ಯಾಟಿ ಒಂದು ಸಲವೂ ಸುಳ್ಳು ಹೇಳಲಿಲ್ಲ. ಗೊತ್ತಿಲ್ಲ ಅಣ್ಣ ಎನ್ನುತ್ತಿದ್ದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆ ಅಟ್ಟದ ಕೆಳಗೇ ನಮ್ಮ ಬಡಗಿ ಕಾರ್ಖಾನೆ, ನಾನಿದ್ದದ್ದು ಅಲ್ಲೇ. ಆವತ್ತಿನಿಂದ ನನ್ನ ಕೆಲಸದ ಮೇಜಿನ ಮೇಲೆ ಅಟ್ಟದ ಹಲಗೆ ತೊಟ್ಟಿಕ್ಕತೊಡಗಿತು. ಮಳೆ ಇಲ್ಲದ ದಿನವೂ. ಕೆಳಗೊಂದು ತಗಡಿನ ಬೋಗುಣಿ ಇಟ್ಟಿದ್ದೆ. ಯುದ್ಧ ಮುಗಿಯುವವರೆಗೂ ದಿನಾ ಬೆಳಿಗ್ಗೆ ಅದನ್ನು ಚೆಲ್ಲಿದವನು ನಾನೇ. ನೀರಿನ ಮೇಲೆ ಹಡಗಿನ ಎಣ್ಣೆಯ ಕಪ್ಪು ಪೊರೆ ಇರುತ್ತಿತ್ತು. ಒಂದು ಸಲ ನಾಲಿಗೆಗೆ ಹಚ್ಚಿ ನೋಡಿದ್ದೇನೆ.

ಉಪ್ಪು.