ಸಾಹುಕಾರನ ತೊಡೆಯ ಮೇಲೆ ಮಲಗಿದ ಕೂಸು

ತಾಯಂದಿರೇ, ಅಣ್ಣಂದಿರೇ, ದಾನದ ವಿಷಯ ಮಾತಾಡ್ತಾ ಇದ್ವಿ. ಕೊಡೋದು ಪುಣ್ಯ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಏನು ಕೊಡಬೇಕು? ಅದನ್ನ ಯಾರನ್ನ ಕೇಳಬೇಕು? ಇಲ್ಲೇ ನಾವು ಎಡವೋದು. ಇದಕ್ಕೊಂದು ಕಥೆ ಹೇಳ್ತೀನಿ. ಹಿಂದೆ ನಿಂತವರು ಮುಂದೆ ಬಂದು ಕೂತುಕೊಳ್ಳಿ, ಜಾಗ ಇದೆ.

ಊರಿನ ಹೆಸರು ಬೇಡ. ಅಲ್ಲೊಬ್ಬ ಸಾಹುಕಾರ ಇದ್ದ ಅಂತ ಇಟ್ಟುಕೊಳ್ಳಿ. ಹತ್ತಿ ಮಿಲ್ಲಿನ ಮಾಲೀಕ. ಕೆಟ್ಟವನಲ್ಲ, ನೋಡಿ. ಕಥೆಯಲ್ಲಿ ಸಾಹುಕಾರ ಬಂದ ಕೂಡಲೇ ನೀವೆಲ್ಲ ಅವನನ್ನ ಕೆಟ್ಟವನು ಮಾಡಿಬಿಡ್ತೀರಿ. ಯಾಕೆ ಅಂದರೆ ಆಗ ಕಥೆ ನಿಮ್ಮದಲ್ಲ, ಅವನದು! ಈತ ಒಳ್ಳೆಯವನು. ಬಾಗಿಲಿಗೆ ಬಂದವರಿಗೆ ಇಲ್ಲ ಅಂದವನಲ್ಲ.

ಆ ಊರಿಗೆ ಸರ್ಕಾರದ ಒಂದು ಯೋಜನೆ ಬಂತು. ಬಡ ಹೆಣ್ಣುಮಕ್ಕಳಿಗೆ ಮೂರು ತಿಂಗಳು ಹೊಲಿಗೆ ಕಲಿಸೋದು, ಪ್ರಮಾಣಪತ್ರ ಕೊಡೋದು, ಆಮೇಲೆ ಅವರ ಸಂಘಕ್ಕೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯೋ ಕೆಲಸ ಕೊಡೋದು. ಒಳ್ಳೆ ಯೋಜನೆ. ಕಲಿಸೋಕೆ ಒಂದು ಸ್ವಯಂಸೇವಾ ಸಂಸ್ಥೆ ತನ್ನ ಟೀಚರಮ್ಮನನ್ನ ಕಳಿಸಿಕೊಟ್ಟಿತು. ಜಾಗ ಸಿಗಲಿಲ್ಲ. ಸಾಹುಕಾರ, "ನನ್ನ ಗೋದಾಮು ಖಾಲಿ ಐತಿ, ತಗೊಳ್ರಿ" ಅಂದ. ಅಷ್ಟಕ್ಕೇ ಬಿಟ್ಟನಾ? ಇಲ್ಲ. ಸುಣ್ಣ ಬಳಿಸಿದ, ಫ್ಯಾನು ಹಾಕಿಸಿದ, ಇಪ್ಪತ್ತು ಹೊಲಿಗೆ ಮಶೀನು ತರಿಸಿದ. ಉದ್ಘಾಟನೆ ಆಯ್ತು, ಹಾರ ಆಯ್ತು, ಫೋಟೋ ಆಯ್ತು.

ಮೊದಲನೇ ವಾರ ಇಪ್ಪತ್ತು ಜನ ಬಂದರು. ಎರಡನೇ ವಾರ ಹನ್ನೊಂದು. ಮೂರನೇ ವಾರ ಒಂದು ದಿನ ಎಣಿಸಿದರೆ ಐದೇ ಜನ! ತಾಲೂಕು ಕಚೇರಿಯಿಂದ ಕಾಗದ ಬಂತು. ತಿಂಗಳ ಕೊನೆಯೊಳಗೆ ಹಾಜರಿ ಸರಿ ಹೋಗದಿದ್ದರೆ ತರಬೇತಿಯನ್ನ ಬೇರೆ ಊರಿಗೆ ಕೊಡ್ತೀವಿ ಅಂತ.

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. "ನೋಡ್ರಿ ಟೀಚರ, ಇವರ ಹಣೇಬರಾನ ಇಷ್ಟು. ಕೈಯಾಗ ತಂದು ಇಟ್ಟರೂ ಹಿಡಕೊಳ್ಳಾಕ ಬರಂಗಿಲ್ಲ."

ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ? ನಮ್ಮ ನಮ್ಮ ಮನೆಯಲ್ಲೇ ಕೇಳಿದ್ದೀವಿ. ಹೌದೋ ಅಲ್ಲೋ?

ಟೀಚರಮ್ಮ ಕೇಳಿದಳು, "ಯಾಕ ಬರವಲ್ರು ಅಂತ ಅವರನ್ನ ಕೇಳೀರೇನ್ರಿ?"

"ನಾ ಯಾಕ ಕೇಳ್ಬೇಕು? ನೀವ ಹೇಳ್ರಿ."

"ನಾ ಹೇಳಿದ್ರ ನಿಮಗ ಸಿಟ್ಟು ಬರ್ತೈತಿ. ಅವರ ಬಾಯಿಲೆ ಕೇಳ್ರಿ. ಬರ್ರಿ, ಈಗಲೇ ಹೋಗೂಣು."

ಹೋದರು. ಊರ ಹೊರಗೆ, ಕಲ್ಲು ಕ್ವಾರಿಯ ಪಕ್ಕದ ಕೇರಿ. ಸಾಹುಕಾರ ಆ ಊರಲ್ಲೇ ಹುಟ್ಟಿದವನು, ಐವತ್ತೆಂಟು ವರ್ಷ ಅಲ್ಲೇ ಬಾಳಿದವನು, ಆ ಕೇರಿಯೊಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಕಾರು ಓಣಿಯಲ್ಲಿ ಹಿಡಿಸಲಿಲ್ಲ. ಇಳಿದು ನಡೆದ.

ಒಂದು ಮನೆ. ಬಾಗಿಲು ತೆಗೆದೇ ಇದೆ. ಒಳಗೆ ಒಂದು ವರ್ಷದ ಹೆಣ್ಣು ಕೂಸು. ಹಳೇ ಸೀರೆಯ ಒಂದು ತುದಿ ಕೂಸಿನ ನಡುವಿಗೆ ಕಟ್ಟಿದೆ, ಇನ್ನೊಂದು ತುದಿ ಕಂಬಕ್ಕೆ. ಕೂಸು ಹೊಸ್ತಿಲ ತನಕ ಅಂಬೆಗಾಲಲ್ಲಿ ಬರ್ತದೆ, ಸೀರೆ ಜಗ್ಗಿ ಹಿಡೀತದೆ. ಮತ್ತೆ ಒಳಗೆ ಹೋಗ್ತದೆ, ಮತ್ತೆ ಬರ್ತದೆ. ಇವರನ್ನ ನೋಡಿ ಹಲ್ಲು ಬಿಟ್ಟು ನಕ್ಕಿತು.

ಅಷ್ಟರಲ್ಲಿ ತಾಯಿ ಕೊಡ ಹೊತ್ತು ಬಂದಳು. ಫಕೀರವ್ವ ಅಂತ ಅವಳ ಹೆಸರು. ಸಾಹುಕಾರನನ್ನ ಕಂಡು ಗಾಬರಿಯಾಗಿ ಸೆರಗು ಎಳಕೊಂಡಳು. ಸಾಹುಕಾರ ಅಂದ, "ಏನವಾ ಇದು! ಕೂಸಿನ್ನ ಹಿಂಗ ಕಟ್ಟತಾರೇನು? ದನ ಏನು ಅದು?"

ಅವಳು ಕೊಡ ಇಳಿಸಿದಳು. "ನೀರಿಗೆ ಹೋಗಿದ್ನಿರಿ ಸಾಹುಕಾರ್ರ. ಹಿಂದ ಕ್ವಾರಿ ಹೊಂಡ ಐತ್ರಿ. ಹೋದ ವರ್ಷ ಬಾಜೂ ಮನಿ ಕೂಸು..."

ಕೂಸನ್ನ ಎತ್ತಿ ಎದೆಗೆ ಒತ್ತಿಕೊಂಡಳು.

ಸಾಹುಕಾರ ದನಿ ತಗ್ಗಿಸಿ ಕೇಳಿದ. "ಮನಿಯಾಗ ಯಾರೂ ಇಲ್ಲೇನವಾ?"

"ಅವರು ಗೌಂಡಿ ಕೆಲಸಕ್ಕ ಹೋಗ್ತಾರ್ರಿ. ಅತ್ತಿ ಕಳೆ ತಗ್ಯಾಕ ಹೋಗ್ತಾಳ್ರಿ."

"ಅಂಗನವಾಡಿ ಐತಲ್ಲ?"

"ಮೂರು ವರ್ಷ ತುಂಬಬೇಕಂತ್ರಿ."

"ಹಂಗಾರ ಕ್ಲಾಸಿಗೇ ಎತ್ಕೊಂಡು ಬರಬೇಕಿಲ್ಲೋ?"

"ಬಂದಿದ್ನಿರಿ. ಬಾಗಿಲಾಗ ಬೋರ್ಡ್ ಹಾಕ್ಯಾರಂತಲ್ರಿ, ಮಕ್ಕಳನ್ನ ತರಬಾರ್ದು ಅಂತ. ನನಗ ಓದಾಕ ಬರಂಗಿಲ್ಲ. ಕಾವಲಿನವ ಓದಿ ಹೇಳಿದ."

ಆ ಬೋರ್ಡ್ ಬರೆಸಿದ್ದು ಯಾರು? ಸರ್ಕಾರ ಅಲ್ಲ. ಸಂಸ್ಥೆ ಅಲ್ಲ. ಹೊಸಾ ಮಶೀನು, ಮಕ್ಕಳು ಕೈ ಹಾಕಿ ಕೆಡಿಸ್ತಾವೆ ಅಂತ ಸಾಹುಕಾರನೇ ಬರೆಸಿದ್ದ. ಟೀಚರಮ್ಮ ಬೇರೆ ಕಡೆ ಮುಖ ಮಾಡಿ ನಿಂತಳು.

ಫಕೀರವ್ವ ಹೇಳ್ತಾಳೆ, "ನಾಕು ದಿನ ಕೂಸಿನ್ನ ಹಿಂಗ ಕಟ್ಟಿ ಬಂದೆ. ಐದನೇ ದಿನ ಅದರ ನಡದ ಮ್ಯಾಲೆ ಕೆಂಪನ ಗೆರಿ ನೋಡಿ ನನ್ನ ಜೀವ ತಡೀಲಿಲ್ರಿ. ಆದ್ರ ನನಗ ಕಲಿಯಾಕ ಮನಸಿಲ್ಲಂತ ತಿಳ್ಕೋಬ್ಯಾಡ್ರಿ." ಒಳಗೆ ಹೋಗಿ ಏನೋ ತಂದಳು. ಹಳೇ ಪೇಪರು. ಪೇಪರನ್ನ ಕುಪ್ಪಸದ ಅಳತೆಗೆ ಕತ್ತರಿಸಿ, ತೋಳಿಗೆ ತೋಳು, ಬೆನ್ನಿಗೆ ಬೆನ್ನು, ಜಾಲಿ ಮುಳ್ಳು ಚುಚ್ಚಿ ಜೋಡಿಸಿದ್ದಳು. "ಮರತು ಹೋಗಬಾರ್ದಂತ ದಿನಾ ಮಾಡ್ತೀನ್ರಿ" ಅಂದಳು.

ಸಾಹುಕಾರ ಆ ಪೇಪರಿನ ಕುಪ್ಪಸ ಹಿಡಕೊಂಡು ನಿಂತ. ಕೊನೆಗೆ, "ನಾಳೆ ಕೂಸಿನ್ನ ಕರಕೊಂಡು ಬಾರವಾ. ಎಲ್ಲಾರಿಗೂ ಹೇಳು, ಕರಕೊಂಡು ಬರ್ರಿ" ಅಂತಷ್ಟೇ ಹೇಳಿ ಹೊರಟ. ಬೋರ್ಡ್ ತೆಗೆಸಿದ. ಮಕ್ಕಳನ್ನ ನೋಡಿಕೊಳ್ಳೋಕೆ ಮಿಲ್ಲಿನ ಒಬ್ಬ ಹೆಂಗಸನ್ನ ಕಳಿಸು ಅಂತ ಮ್ಯಾನೇಜರನಿಗೂ ಹೇಳಿದ. ಮ್ಯಾನೇಜರ ಹೂಂ ಅಂದ, ಮರೆತ.

ಮಾರನೇ ದಿನ ಹದಿನಾಲ್ಕು ಜನ ಬಂದರು. ಜೊತೆಗೆ ಆರು ಮಕ್ಕಳು. ನೋಡಿಕೊಳ್ಳೋಳು ಬರಲೇ ಇಲ್ಲ. ಐದು ಮಕ್ಕಳು ಚಿಂದಿ ಬಟ್ಟೆ ಹರಡಿಕೊಂಡು ಹೇಗೋ ಆಡಿಕೊಂಡವು. ಫಕೀರವ್ವನ ಕೂಸು ಮಾತ್ರ ಒಂದೇ ಸಮ ಅಳು. ಅವತ್ತು ತೋಳು ಕೂಡಿಸೋ ಪಾಠ. ಅದು ತಪ್ಪಿದರೆ ಮುಂದಿನದು ತಿಳಿಯೋದಿಲ್ಲ. ಫಕೀರವ್ವ ಎರಡು ಸಲ ಎದ್ದಳು, ಎರಡು ಸಲ ಕೂತಳು. ಮೂರನೇ ಸಲ ಎದ್ದವಳು ಕೂಸನ್ನ ಸೊಂಟಕ್ಕೆ ಹಾಕ್ಕೊಂಡು ಬಾಗಿಲ ಕಡೆ ನಡೆದೇ ಬಿಟ್ಟಳು.

ಬಾಗಿಲಲ್ಲಿ ಸಾಹುಕಾರ. ಹಾಜರಿ ನೋಡೋಕೆ ಬಂದಿದ್ದ. "ಎಲ್ಲಿಗವಾ?"

"ಅಳು ನಿಂದ್ರಂಗಿಲ್ರಿ. ನನ್ನ ಪಾಲಿಗೆ ಇದು ಇಲ್ಲ ಬಿಡ್ರಿ."

ಆ ಗಳಿಗೆಯಲ್ಲಿ ಅವನು ಏನು ಮಾಡಬಹುದಿತ್ತು? ಮ್ಯಾನೇಜರನನ್ನ ಬೈಯಬಹುದಿತ್ತು. ನಾಳೆ ನೋಡೋಣ ಅನ್ನಬಹುದಿತ್ತು. ನಾಳೆ! ನಮ್ಮ ಎಷ್ಟು ಧರ್ಮ ಆ ನಾಳೆಯೊಳಗೆ ಹೂತು ಹೋಗಿದೆ! ಸಾಹುಕಾರ ಚಪ್ಪಲಿ ಬಿಟ್ಟ. ಒಳಗೆ ಬಂದ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಕೈ ಚಾಚಿದ.

"ಕೊಡಿಲ್ಲೆ."

ಫಕೀರವ್ವ ಹಿಂದೆ ಸರಿದಳು. "ಬ್ಯಾಡ್ರಿ, ನಿಮ್ಮ ಧೋತ್ರ ಹೊಲಸ ಆಗ್ತೈತಿ."

"ಒಗದ್ರ ಹೋಗ್ತೈತಿ. ಪಾಠ ಹೋದ್ರ ಬರತೈತೇನು? ಕೊಡು."

ತಗೊಂಡ. ಹೇಗೆ ಹಿಡೀಬೇಕು ಗೊತ್ತಿಲ್ಲ! ಮೂರು ಮಕ್ಕಳ ತಂದೆ. ಆ ಮೂವರನ್ನ ಯಾರು ಎತ್ತಿ ಆಡಿಸಿದರು, ಯಾರು ಮಲಗಿಸಿದರು, ಅವನಿಗೆ ಗೊತ್ತೇ ಇಲ್ಲ. ಆಗ ಅವನು ಮಿಲ್ಲಿನಲ್ಲಿದ್ದ. ಕೂಸನ್ನ ಭುಜಕ್ಕೆ ಹಾಕಿದ, ಅತ್ತಿತು. ಮುಂಗೈ ಮೇಲೆ ಮಲಗಿಸಿದ, ಇನ್ನೂ ಜೋರಾಗಿ ಅತ್ತಿತು. ಕಲಿಯೋ ಹೆಣ್ಣುಮಕ್ಕಳೆಲ್ಲ ಸೆರಗು ಬಾಯಿಗಿಟ್ಟು ನಗ್ತಿದ್ದಾರೆ. ಟೀಚರಮ್ಮ ಅಂದಳು, "ತೊಡಿ ಮ್ಯಾಲೆ ಹಾಕ್ಕೊಂಡು ಮೆಲ್ಲಕ ಬೆನ್ನು ತಟ್ರಿ." ತಟ್ಟಿದ. ತಟ್ಟುತ್ತಾ ತಟ್ಟುತ್ತಾ ಅಳು ಬಿಕ್ಕಳಿಕೆ ಆಯ್ತು, ಬಿಕ್ಕಳಿಕೆ ಉಸಿರಾಯ್ತು. ಅವನ ಹೆಬ್ಬೆರಳು ಹಿಡಕೊಂಡು ಕೂಸು ನಿದ್ದೆ ಹೋಯ್ತು. ನಿದ್ದೆಯಲ್ಲೇ ಧೋತ್ರ ಒದ್ದೆ ಮಾಡಿತು. ಸಾಹುಕಾರ ಅಲುಗಾಡಲಿಲ್ಲ. ಕಾಲು ಜೋಮು ಹಿಡಿಯಿತು. ಅಲುಗಾಡಲಿಲ್ಲ.

ಮ್ಯಾನೇಜರ ಹುಡುಕಿಕೊಂಡು ಓಡಿ ಬಂದ, ಹತ್ತಿ ವ್ಯಾಪಾರಿಗಳು ಕಾಯ್ತಿದ್ದಾರೆ ಅಂತ ಹೇಳೋಕೆ. ಬಾಗಿಲಲ್ಲೇ ನಿಂತು ಕಣ್ಣು ಅಗಲ ಮಾಡಿದ. "ಸಾಹುಕಾರ್ರ! ಆ ಕೇರಿ ಕೂಸು ರೀ ಅದು..."

ಸಾಹುಕಾರ ತಲೆ ಎತ್ತಿದ. "ಹೌದಪಾ. ಈಗ ನಿದ್ದಿ ಹತ್ತೇತಿ. ಮೆಲ್ಲಕ ಮಾತಾಡು."

ಅಷ್ಟೇ ಅಂದದ್ದು. ಶಾಸ್ತ್ರ ಹೇಳಲಿಲ್ಲ, ಭಾಷಣ ಮಾಡಲಿಲ್ಲ. ಮೆಲ್ಲಕ ಮಾತಾಡು. ಅಣ್ಣಂದಿರೇ, ನಾನು ನಲವತ್ತು ವರ್ಷದಿಂದ ಪ್ರವಚನ ಹೇಳ್ತಿದ್ದೀನಿ. ಅಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದಿಲ್ಲ.

ಅವತ್ತು ಫಕೀರವ್ವ ತೋಳು ಕೂಡಿಸಿದಳು. ಸಂಜೆ ಸಾಹುಕಾರ ಮನೆಗೆ ಹೋದಾಗ ಹೆಂಡತಿ ಧೋತ್ರ ನೋಡಿ ಏನಾಯ್ತು ಅಂದಳು. ಹೇಳಿದ. ಆಕೆ ಬಿದ್ದು ಬಿದ್ದು ನಕ್ಕಳು. ಆಮೇಲೆ ಕಣ್ಣು ಒರೆಸಿಕೊಂಡು, "ನಿಮಗೇನ ಬರತೈತಿ ಕೂಸು ಹಿಡಿಯಾಕ? ನಾಳೆ ನಾನೂ ಬರತೇನಿ" ಅಂದಳು. ಬಂದಳು. ವಾರದಲ್ಲಿ ಸಾಹುಕಾರನ ಓಣಿಯ ನಾಲ್ಕು ಮನೆಯ ಹೆಂಗಸರು ಸರದಿ ಹಾಕಿಕೊಂಡರು. ಅಂಗನವಾಡಿ ಅಕ್ಕ ಆಟಿಕೆ ತಂದುಕೊಟ್ಟಳು. ಎಲ್ಲಾ ಸರಿ ಹೋಯ್ತು ಅಂತ ನಾನು ಸುಳ್ಳು ಹೇಳೋದಿಲ್ಲ. ಮೂರು ಜನ ವಾಪಸ್ ಬರಲೇ ಇಲ್ಲ. ಒಬ್ಬಳ ಗಂಡ ಬಿಡಲಿಲ್ಲ, ಇಬ್ಬರು ದುಡಿಯೋಕೆ ಗುಳೆ ಹೋಗಿದ್ದರು. ಹದಿನೇಳು ಜನ ಪ್ರಮಾಣಪತ್ರ ತಗೊಂಡರು. ಮುಂದಿನ ಜೂನ್‌ನಲ್ಲಿ ಆ ಊರಿನ ಶಾಲೆ ಮಕ್ಕಳು ಹಾಕ್ಕೊಂಡ ಅಂಗಿ ಇವರು ಹೊಲಿದದ್ದು.

ಕಥೆ ಮುಗೀತು. ಈಗ ನಿಮ್ಮ ಪಾಳಿ.

ಸರ್ಕಾರ ಯೋಜನೆ ಕೊಟ್ಟಿತು. ಸಂಸ್ಥೆ ಟೀಚರನ್ನ ಕೊಟ್ಟಿತು. ಸಾಹುಕಾರ ಗೋದಾಮು ಕೊಟ್ಟ. ಇಷ್ಟೆಲ್ಲ ಇದ್ದೂ ಕೆಲಸ ನಿಂತಿತ್ತು. ಯಾಕೆ? ಒಂದು ಕೂಸನ್ನ ಒಂದು ತಾಸು ಎತ್ತಿಕೊಳ್ಳೋರು ಇರಲಿಲ್ಲ. ಅದನ್ನ ಯಾವ ಕಚೇರಿ ಮಂಜೂರು ಮಾಡಬೇಕು, ಹೇಳಿ? ಅದು ಪಕ್ಕದ ಮನೆಯವರು ಮಾಡೋ ಕೆಲಸ. ಅದು ನಿಮ್ಮ ಕೆಲಸ.

ಹಾಗಾಗಿ ಮನೆಗೆ ಹೋದ ಮೇಲೆ, ನಿಮ್ಮ ಮನೆಯ ಪಾತ್ರೆ ತಿಕ್ಕೋ ತಾಯಿ ನಾಳೆ ಬಂದಾಗ, ಏನಾದರೂ ಬೇಕಾ ಅಂತ ಕೇಳಬೇಡಿ. ಅವಳು ಸಂಕೋಚದಿಂದ ಏನೂ ಬೇಡ ಅಂತಾಳೆ. "ನೀನು ಇಲ್ಲಿರೋವಾಗ ನಿನ್ನ ಮಗು ಎಲ್ಲಿರ್ತದವ್ವಾ?" ಅಂತ ಕೇಳಿ. ಉತ್ತರ ಬಂದ ಮೇಲೆ ಸುಮ್ಮನೆ ಇರಬೇಡಿ. ನಿಮ್ಮ ಓಣಿಯ ಅಂಗನವಾಡಿಗೆ ಒಂದು ಸಲ ಹೋಗಿ ಕೂತು ಬನ್ನಿ. ವಾರಕ್ಕೆ ಒಂದು ಮಧ್ಯಾಹ್ನ ಕೊಡಿ. ಕೊಡೋಕೆ ಮುಂಚೆ ಕೇಳಿ, ಕೇಳಿದ ಮೇಲೆ ಕೂತುಕೊಳ್ಳಿ.

ಇನ್ನೊಂದು ಮಾತು. ಹಿಂದಿನ ಅಡುಗೆ ಮನೆಯಲ್ಲಿ ಒಂಬತ್ತು ಜನ ತಾಯಂದಿರು ಬೆಳಗಿನಿಂದ ನಮ್ಮೆಲ್ಲರ ಪ್ರಸಾದಕ್ಕೆ ರೊಟ್ಟಿ ಬಡೀತಿದ್ದಾರೆ. ಈ ಕಥೆ ಅವರು ಕೇಳಲಿಲ್ಲ, ಕೇಳೋ ಹೊತ್ತು ಅವರಿಗಿಲ್ಲ. ಅವರ ಮಕ್ಕಳು ಎಲ್ಲಿದ್ದಾರೆ, ನಿಮ್ಮಲ್ಲಿ ಯಾರಾದರೂ ಬಲ್ಲಿರಾ? ನನಗೂ ಗೊತ್ತಿಲ್ಲ. ನಾಚಿಕೆಯಿಂದ ಒಪ್ಪಿಕೊಳ್ತೀನಿ, ನಾನೂ ಕೇಳಲಿಲ್ಲ.

ಮಂಗಳಾರತಿ ಸ್ವಲ್ಪ ತಡವಾಗಲಿ. ಏಳಿ, ಮೊದಲು ಅಡುಗೆ ಮನೆಗೆ ಹೋಗೋಣ.