ಗಂಟೆ ನಿಲ್ಲುವ ಮೊದಲು

ಸಭೆಯ ಅಧ್ಯಕ್ಷತೆ ವಹಿಸಿರುವ ಸದನದ ಕಾರ್ಯದರ್ಶಿಗಳೇ, ವೇದಿಕೆಯ ಮೇಲಿರುವ ಹಿರಿಯ ಅಧಿಕಾರಿಗಳೇ, ಮುಂದಿನ ಸಾಲಿನಲ್ಲಿ ಕೋಲು ಒರಗಿಸಿಕೊಂಡು ಕುಳಿತಿರುವ ಮಾಜಿ ಸದಸ್ಯೆ, ನಾವೆಲ್ಲ ಟೀಚರಮ್ಮ ಎಂದೇ ಕರೆದ ತಾಯಿಯೇ, ನನ್ನ ಜೊತೆ ಬಾಗಿಲು ಕಾದ ಗೆಳೆಯರೇ, ಅವರ ಮನೆಯವರೇ, ಸಭಿಕರೇ,

ಮೊದಲು ಒಂದು ಕೋರಿಕೆ. ಹಿಂದಿನ ಬಾಗಿಲನ್ನು ಯಾರಾದರೂ ತೆರೆದಿಡಿ. ಹಾಂ, ಅಷ್ಟು ಸಾಕು. ಮೂವತ್ತೊಂದು ವರ್ಷ ಬಾಗಿಲು ಮುಚ್ಚಿ ಸಂಬಳ ತೆಗೆದುಕೊಂಡವನು ಇವತ್ತು ತೆರೆಸುತ್ತಿದ್ದಾನೆಂದು ನೀವು ನಗುತ್ತಿದ್ದೀರಿ. ನಗಿ. ಇನ್ನು ಸ್ವಲ್ಪ ಹೊತ್ತಿಗೆ ನಗು ಬರುತ್ತದೋ ಇಲ್ಲವೋ ಗೊತ್ತಿಲ್ಲ.

ನನಗೆ ಭಾಷಣ ಬರುವುದಿಲ್ಲ. ಹತ್ತನೇ ತರಗತಿಗೆ ಓದು ಮುಗಿಯಿತು. ದಿನಚರಿ ಬರೆಯುವ ಅಭ್ಯಾಸ ಮಾತ್ರ ಇದೆ. ಹಾಗಾಗಿ ಬರೆದುಕೊಂಡು ಬಂದದ್ದನ್ನು ಓದುತ್ತೇನೆ.

ನನ್ನ ನಿವೃತ್ತಿಗೆಂದು ಈಗಷ್ಟೇ ಓದಿದ ಬಿನ್ನವತ್ತಳೆಯಲ್ಲಿ ಒಂದು ಸಾಲಿದೆ: 'ಒಂದು ಕ್ಷಣ ಮೊದಲೂ ಅಲ್ಲ, ಒಂದು ಕ್ಷಣ ತಡವೂ ಅಲ್ಲ, ಅಂಥ ಕೈ ಇವರದು.' ನೀವು ಚಪ್ಪಾಳೆ ತಟ್ಟಿದಿರಿ. ಟೀಚರಮ್ಮ ತಟ್ಟಲಿಲ್ಲ. ನಾನು ನೋಡಿದೆ.

ಮನೆಯವರಿಗಾಗಿ ನಮ್ಮ ಕೆಲಸದ ಬಗ್ಗೆ ಎರಡು ಮಾತು. ಸದನದಲ್ಲಿ ಒಂದು ಮಸೂದೆ ಬರುತ್ತದೆ. ಮೊದಲು ಮಂಡನೆ. ಆಮೇಲೆ ಅದು ಸಮಿತಿಗೆ ಹೋಗುತ್ತದೆ. ಅಲ್ಲಿ ಹತ್ತು ಹದಿನೈದು ಸದಸ್ಯರು ಒಂದೊಂದು ಸಾಲನ್ನೂ ಕೆದಕುತ್ತಾರೆ, ಸಂಬಂಧಪಟ್ಟವರನ್ನು ಕರೆಸಿ ಕೇಳುತ್ತಾರೆ. ತಿರುಗಿ ಸದನಕ್ಕೆ ಬಂದಾಗ ಚರ್ಚೆ, ಕೂಗಾಟ, ಕೊನೆಗೆ ಮತ. ಕೂಗಿನಲ್ಲಿ ತೀರ್ಮಾನವಾಗದಿದ್ದರೆ ತಲೆ ಎಣಿಸಬೇಕು. ಆಗ ಗಂಟೆ ಹೊಡೆಯುತ್ತದೆ. ಕ್ಯಾಂಟೀನಿನಲ್ಲಿ, ಗ್ರಂಥಾಲಯದಲ್ಲಿ, ಸಮಿತಿ ಕೋಣೆಗಳಲ್ಲಿ, ಶೌಚಾಲಯದಲ್ಲೂ ಹೊಡೆಯುತ್ತದೆ. ಎಂಟು ನಿಮಿಷ. ಒಬ್ಬ ಮಂತ್ರಿಗಳು ಒಂದೇ ಕಾಲಿಗೆ ಬೂಟು ಹಾಕಿಕೊಂಡು ಓಡಿ ಬಂದದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಗಂಟೆ ನಿಂತ ಮೇಲೆ ನಾವು ಬಾಗಿಲು ಮುಚ್ಚಿ ಚಿಲಕ ಹಾಕುತ್ತೇವೆ. ಆಮೇಲೆ ಪ್ರಧಾನಿ ಬಂದರೂ ಹೊರಗೇ. ಒಳಗಿದ್ದವರಲ್ಲಿ 'ಹೌದು' ಎನ್ನುವವರು ಬಲಗಡೆಯ ಮೊಗಸಾಲೆಗೆ, 'ಇಲ್ಲ' ಎನ್ನುವವರು ಎಡಗಡೆಗೆ. ಎಣಿಸಲು ಸುಮಾರು ನಾಲ್ಕು ನಿಮಿಷ. ಆ ನಾಲ್ಕು ನಿಮಿಷವನ್ನು ನೆನಪಿಟ್ಟುಕೊಳ್ಳಿ.

ಹನ್ನೊಂದು ವರ್ಷದ ಹಿಂದೆ ಒಂದು ಮಸೂದೆ ಬಂತು. ಜನ ಕೆಲಸ ಮಾಡುತ್ತಿರುವಾಗ ಯಾವ ಕಾರ್ಖಾನೆಯ ಬಾಗಿಲಿಗೂ ಹೊರಗಿನಿಂದ ಬೀಗ ಹಾಕಬಾರದು. ಅಷ್ಟೇ. ಅದರ ಹಿಂದಿನ ವರ್ಷ ಒಂದು ಹೊಲಿಗೆ ಕಾರ್ಖಾನೆಗೆ ಬೆಂಕಿ ಬಿದ್ದಿತ್ತು. ಬಟ್ಟೆ ಕದಿಯುತ್ತಾರೆಂದು ಹಿಂದಿನ ಬಾಗಿಲಿಗೆ ಬೀಗ ಹಾಕಿದ್ದರು. ಹದಿನಾಲ್ಕು ಹೆಣ್ಣುಮಕ್ಕಳು. ಹದಿನಾಲ್ಕರಲ್ಲಿ ಒಬ್ಬಳು ನನ್ನ ಮಗಳು. ಕಾಲರು ಹೊಲಿಯುತ್ತಿದ್ದಳು. ನನ್ನ ಸಮವಸ್ತ್ರದ ಕಾಲರು ನೋಡಿ, "ಅಪ್ಪಾ, ಇದನ್ನ ಹೊಲಿದೋನು ನಿದ್ದೆಗಣ್ಣಲ್ಲಿ ಹೊಲಿದಿದಾನೆ" ಎಂದು ಬಿಚ್ಚಿ ಮತ್ತೆ ಹೊಲಿದು ಕೊಟ್ಟವಳು.

ಸಮಿತಿಯವರು ಹದಿನಾಲ್ಕು ಮನೆಗೂ ಬರಬೇಕಿತ್ತು. ಬಂದವರು ಟೀಚರಮ್ಮ ಒಬ್ಬರೇ. ನನ್ನ ಹೆಂಡತಿಯ ಪಕ್ಕ ನೆಲದ ಮೇಲೆ ಕುಳಿತರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿ, "ಅಯ್ಯೋ, ನೀನಾ?" ಎಂದರು. ಅಷ್ಟೇ. ಮಗಳ ವಿಷಯವನ್ನು ಆಫೀಸಿನಲ್ಲಿ ಅವರೂ ಯಾರಿಗೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಆದರೂ ಮೇಲ್ವಿಚಾರಕರಿಗೆ ಸುದ್ದಿ ಮುಟ್ಟಿತ್ತು. ಮತದ ದಿನ ಬೆಳಿಗ್ಗೆ ಕರೆದು, "ಇವತ್ತು ರಜೆ ಹಾಕಪ್ಪ. ಬೇರೆಯವರು ನಿಲ್ತಾರೆ" ಎಂದರು. "ಬೇಡ ಸಾರ್, ನನ್ನ ಕೈ ನಡುಗಲ್ಲ" ಎಂದೆ. ಯಾಕೆ ಹಾಗೆ ಅಂದೆ? ಜಂಭವೇ? ಮಗಳಿಗಾಗಿ ಅಲ್ಲಿ ನಿಂತಿರಬೇಕೆಂಬ ಆಸೆಯೇ? ಇವತ್ತಿಗೂ ಗೊತ್ತಿಲ್ಲ.

ಗಂಟೆ ಶುರುವಾಯಿತು. ಸದಸ್ಯರು ನುಗ್ಗಿ ಬಂದರು. ಆರು ನಿಮಿಷ. ಏಳು. ಕಾರಿಡಾರು ಖಾಲಿಯಾಯಿತು. ಕೊನೆಯ ಅರ್ಧ ನಿಮಿಷಕ್ಕೆ ಟೀಚರಮ್ಮ ಮೆಟ್ಟಿಲ ಬಳಿ ಕಾಣಿಸಿದರು. ಮೂರನೇ ಮಹಡಿಯಲ್ಲಿ ಯಾರದೋ ಅಹವಾಲು ಕೇಳುತ್ತಿದ್ದರಂತೆ, ಲಿಫ್ಟು ತುಂಬಿತ್ತಂತೆ. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಗೋಡೆಗೆ. ಓಡಲಾರದವರು ಓಡುತ್ತಿದ್ದರು.

ಸಭಿಕರೇ, ಆ ಹೊತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಭಯ. ಇವರಿಗಾಗಿ ನಾನು ಕಾದುಬಿಡುತ್ತೇನೆ. ಗಂಟೆ ನಿಂತರೂ ಬಾಗಿಲು ಹಿಡಿದುಬಿಡುತ್ತೇನೆ. ಸತ್ತ ಹುಡುಗಿಯ ಅಪ್ಪ ಮೋಸ ಮಾಡಿದ ಎನ್ನುತ್ತಾರೆ. ಮಸೂದೆಗೇ ಮಸಿ ಹತ್ತುತ್ತದೆ. ಕಾಯಬಾರದು, ಕಾಯಬಾರದು, ಕಾಯಬಾರದು. ಹಾಗೆ ಅಂದುಕೊಳ್ಳುತ್ತಲೇ ನನ್ನ ಕೈ ಬಾಗಿಲನ್ನು ತಳ್ಳಿತು. ಚಿಲಕ ಬಿತ್ತು.

ಗಂಟೆ ಇನ್ನೂ ಹೊಡೆಯುತ್ತಿತ್ತು.

ಎಷ್ಟು ಹೊತ್ತು? ಎರಡು ಸೆಕೆಂಡು. ಮೂರು ಇರಬಹುದು. ಬಾಗಿಲಿನಲ್ಲಿ ಅಂಗೈ ಅಗಲದ ಗಾಜಿದೆ. ಅದರಾಚೆ ಟೀಚರಮ್ಮನ ಮುಖ. ಮೇಲೆ ಹೊಡೆಯುತ್ತಿದ್ದ ಗಂಟೆಯ ಕಡೆ ಬೆರಳು ತೋರಿಸಿದರು. ಆಮೇಲೆ ಗಂಟೆ ನಿಂತಿತು. ಬೆರಳು ಹಾಗೇ ಇತ್ತು.

ಈಗ ಆ ನಾಲ್ಕು ನಿಮಿಷ. ನಿಯಮ ನಮಗೆಲ್ಲ ಬಾಯಿಪಾಠ: ಮತದಾನದಲ್ಲಿ ತಪ್ಪಾಗಿದ್ದರೆ ಫಲಿತಾಂಶ ಓದುವ ಮೊದಲು ಸಭಾಧ್ಯಕ್ಷರ ಗಮನಕ್ಕೆ ತರಬೇಕು, ಆಗ ಗಂಟೆ ಮತ್ತೆ ಹೊಡೆಯುತ್ತದೆ, ಬಾಗಿಲು ಮತ್ತೆ ತೆರೆಯುತ್ತದೆ. ನಾನು ಹತ್ತು ಹೆಜ್ಜೆ ನಡೆದು ಮೇಲ್ವಿಚಾರಕರ ಕಿವಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬೆಳಿಗ್ಗೆ 'ಕೈ ನಡುಗಲ್ಲ' ಎಂದವನು ನಾನೇ ಅಲ್ಲವೇ? ಕಾಲು ಏಳಲಿಲ್ಲ. ಒಬ್ಬರ ಮತದಿಂದ ಏನಾಗುತ್ತದೆ ಎಂದುಕೊಂಡೆ. ಮೊಗಸಾಲೆಗಳಲ್ಲಿ ತಲೆ ಎಣಿಸುವ ದನಿ ಕೇಳುತ್ತಿತ್ತು. ನಾನೂ ಮನಸ್ಸಿನಲ್ಲಿ ಎಣಿಸಿದೆ.

ಹೌದು, ನೂರ ಮೂವತ್ತೊಂದು. ಇಲ್ಲ, ನೂರ ಮೂವತ್ತೊಂದು.

ಸಮಸಮ ಬಂದರೆ ಸಭಾಧ್ಯಕ್ಷರು ಮತ ಹಾಕಬೇಕು. ಸದನವೇ ಬಹುಮತದಿಂದ ಬದಲಾವಣೆ ಕೇಳದಿದ್ದಾಗ ಪೀಠ ಒಬ್ಬಂಟಿಯಾಗಿ ಬದಲಾಯಿಸುವುದಿಲ್ಲ, ಇದ್ದದ್ದು ಇದ್ದಂತೆ ಉಳಿಯಲಿ ಎಂಬುದು ನಮ್ಮಲ್ಲಿ ನಡೆದು ಬಂದ ಪದ್ಧತಿ. ಅವರು 'ಇಲ್ಲ' ಎಂದರು. ಮಸೂದೆ ಬಿತ್ತು.

ಮನೆಗೆ ಹೋದೆ. ಹೆಂಡತಿ ಕೇಳಿದಳು, "ಏನಾಯ್ತು?"

"ಒಂದು ವೋಟಲ್ಲಿ ಹೋಯ್ತು."

"ಯಾರದು ಆ ಒಂದು?"

"ಯಾರೋ ಬರ್ಲಿಲ್ಲ" ಎಂದೆ.

ಮರುದಿನದ ಪತ್ರಿಕೆಗಳೂ ಅದನ್ನೇ ಬರೆದವು: 'ಮತಕ್ಕೆ ಬಾರದ ಟೀಚರ್.' ಚುನಾವಣೆಯಲ್ಲಿ ಎದುರಾಳಿಗಳು ಖಾಲಿ ಕುರ್ಚಿಯ ಚಿತ್ರ ಹಾಕಿದರು. ಟೀಚರಮ್ಮ ಸೋತರು. ಕೋಣೆ ಖಾಲಿ ಮಾಡುವ ದಿನ ಪುಸ್ತಕ ಕಟ್ಟಿಕೊಡಲು ಹೋದೆ. ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು, "ಸುಮ್ನಿರು. ನನ್ನ ಕಾಲೇ ನಿಧಾನ. ನಿನ್ನ ಮನೇಲಿ ಆಗಿರೋದೇ ಸಾಕು." ನಾನು ಸುಮ್ಮನಿದ್ದೆ. ಅವರು ಹೇಳಿದ್ದಕ್ಕೆ ಸುಮ್ಮನಿದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಮ್ಮನಿರುವುದು ಸುಲಭವಾಗಿತ್ತು, ಅದಕ್ಕೆ ಸುಮ್ಮನಿದ್ದೆ.

ಬಿದ್ದ ಮಸೂದೆಯನ್ನು ಅದೇ ಅಧಿವೇಶನದಲ್ಲಿ ಮತ್ತೆ ತರುವಂತಿಲ್ಲ. ಆಮೇಲೆ ಸದನ ವಿಸರ್ಜನೆ, ಚುನಾವಣೆ, ಹೊಸ ಸಮಿತಿ. ಅದು ಕಾನೂನಾಗಲು ಮತ್ತೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷದಲ್ಲಿ ಒಂದು ಚಪ್ಪಲಿ ಕಾರ್ಖಾನೆ ಸುಟ್ಟಿತು. ಅಲ್ಲೂ ಹೊರಗಿನಿಂದ ಬೀಗ. ಐದು ಜನ. ದಿನಚರಿಯ ಆ ಪುಟದಲ್ಲಿ 'ಐದು' ಎಂದಷ್ಟೇ ಬರೆದಿದ್ದೇನೆ. ಬೇರೇನೂ ಬರೆಯಲಾಗಲಿಲ್ಲ.

ಎಂಟು ತಿಂಗಳ ಹಿಂದೆ ಹೆಂಡತಿ ತೀರಿಕೊಂಡಳು. ಆಸ್ಪತ್ರೆಯಲ್ಲಿ, ಏನೋ ನೆನಪಾದವಳಂತೆ, "ಪಾಪ, ಆ ಟೀಚರಮ್ಮ ಯಾಕೆ ಬರ್ಲಿಲ್ವೋ. ನಮ್ಮನೇಲಿ ಅಷ್ಟು ಹೊತ್ತು ಕೂತಿದ್ರು" ಎಂದಳು. ಹತ್ತು ವರ್ಷ ಅವಳು ಬೇಸರಪಟ್ಟುಕೊಂಡದ್ದು ತಪ್ಪು ಮನುಷ್ಯರ ಮೇಲೆ. ಆಗಲೂ ನಾನು ಹೇಳಲಿಲ್ಲ. ಅವಳ ದಿಂಬು ಸರಿಪಡಿಸಿದೆ.

ಕಾರ್ಯದರ್ಶಿಗಳೇ, ಸದನದಲ್ಲಿ ಯಾರಾದರೂ ತಪ್ಪು ಮಾಹಿತಿ ಕೊಟ್ಟಿದ್ದರೆ ಎದ್ದು ನಿಂತು ಕಡತ ಸರಿಪಡಿಸಲು ಅವಕಾಶವಿದೆ. ನಾನು ಸದಸ್ಯನಲ್ಲ. ಆದರೂ ಕೇಳುತ್ತಿದ್ದೇನೆ. ಬಿನ್ನವತ್ತಳೆಯ ಆ ಸಾಲನ್ನು ಹೊಡೆದುಹಾಕಿ. ಆ ದಿನ ಟೀಚರಮ್ಮ ತಡವಾಗಿ ಬರಲಿಲ್ಲ, ಬಾಗಿಲು ಮೊದಲೇ ಮುಚ್ಚಿತು ಎಂದು ಬರೆದುಕೊಳ್ಳಿ. ಸಹಿ ಹಾಕಿದ ಕಾಗದ ತಂದಿದ್ದೇನೆ. ಒಂದು ನಿಮಗೆ, ಒಂದು ಪತ್ರಿಕೆಯವರಿಗೆ. ಪಿಂಚಣಿಯ ವಿಷಯದಲ್ಲಿ ನಿಯಮ ಏನು ಹೇಳುತ್ತದೋ ಹಾಗೆ ಆಗಲಿ.

ಟೀಚರಮ್ಮ, ತಲೆ ಅಲ್ಲಾಡಿಸಬೇಡಿ. ಈ ಸಲ ನಿಮ್ಮ ಮಾತು ಕೇಳುವುದಿಲ್ಲ.

ಹಾರ ಹಾಕಿದವರಿಗೆ, ಇಷ್ಟು ಹೊತ್ತು ಸದ್ದಿಲ್ಲದೆ ಕೇಳಿದವರಿಗೆ, ಬಾಗಿಲು ತೆರೆದಿಟ್ಟವರಿಗೆ ನಾನು ಋಣಿ. ಸಭೆ ಮುಗಿದ ಮೇಲೆ ಯಾರೂ ಅವಸರ ಮಾಡಬೇಡಿ. ಮೊದಲು ಟೀಚರಮ್ಮ ಹೋಗಲಿ. ಎಷ್ಟು ನಿಧಾನವಾದರೂ ಸರಿ, ಬಾಗಿಲನ್ನು ನಾನು ಹಿಡಿದುಕೊಂಡಿರುತ್ತೇನೆ.

ನಮಸ್ಕಾರ.